ಸ್ಲೆಡ್ (ಸ್ನೋಮೊಬೈಲ್) ಮೇಲೆ ಸ್ಕೀ, ಬೋರ್ಡ್ ಎಲ್ಲಾ ಹೇಗೆ ಕಟ್ಟುತ್ತೀರಿ? ನಾನು ಕಟ್ಟಿದ್ದಂತೂ ತಪ್ಪು

ಹಿಮದೂರು
ಎಲ್ಲರಿಗೂ ನಮಸ್ಕಾರ. ಸಿಯಾಟಲ್ ಕಡೆಯವನು. ಹತ್ತು ವರ್ಷದಿಂದ ಸ್ಕೀ ಮಾಡುತ್ತಿದ್ದೇನೆ, ಆದರೆ ಸ್ನೋಮೊಬೈಲ್ ವಿಷಯದಲ್ಲಿ ಇನ್ನೂ ಎಲ್‌ಕೆಜಿ. ಈ ಸೀಸನ್‌ಗೆ ನಾನೂ ಗೆಳೆಯನೂ ದುಡ್ಡು ಸೇರಿಸಿ ಒಂದು ಹಳೇ ಸ್ಕೀ-ಡೂ ಸಮ್ಮಿಟ್ ತಗೊಂಡೆವು. 850 ಇಂಜಿನ್, 165 ಇಂಚಿನ ಟ್ರ್ಯಾಕ್ (ಕೆಳಗೆ ತಿರುಗುವ ರಬ್ಬರ್ ಪಟ್ಟಿ). ಯಾಕೆ ಅಂದರೆ ಸಾಮನ್ ಲಾ ಸ್ಯಾಕ್‌ನಿಂದ ಮುಂದೆ ಚಳಿಗಾಲದಲ್ಲಿ ರಸ್ತೆಯ ಸ್ನೋ ಯಾರೂ ತೆಗೆಯುವುದಿಲ್ಲ. ಟುಕ್ವಾಲಾ ಕೆರೆಯವರೆಗೆ ಸುಮಾರು 10 ಮೈಲಿ, ಹೆಚ್ಚುಕಮ್ಮಿ ಸಪಾಟು ದಾರಿ. ಸ್ಕೀ ತಳಕ್ಕೆ ಸ್ಕಿನ್ (ಏರಿನಲ್ಲಿ ಹಿಂದೆ ಜಾರದ ಹಾಗೆ ತಡೆಯುವ ಅಂಟುಪಟ್ಟಿ) ಹಾಕಿಕೊಂಡು ನಡೆದರೆ ಗುಡ್ಡದ ಬುಡ ಸೇರುವಷ್ಟರಲ್ಲಿ ವಾಪಸ್ ಹೊರಡುವ ಹೊತ್ತಾಗಿರುತ್ತದೆ.

ಹೋದ ಶನಿವಾರ ಮೊದಲ ಸಲ ಹೊರಟೆವು. ಇಬ್ಬರು, ಎರಡು ಜೊತೆ ಸ್ಕೀ, ರ‍್ಯಾಕ್ ಇಲ್ಲ. ಸೀಟಿನ ಹಿಂದೆ ಟನೆಲ್ (ಟ್ರ್ಯಾಕ್ ಮೇಲಿನ ಲೋಹದ ಹೊದಿಕೆ) ಮೇಲೆ ಸ್ಕೀಗಳನ್ನು ಅಡ್ಡಡ್ಡ ಇಟ್ಟು ರ‍್ಯಾಚೆಟ್ ಬೆಲ್ಟ್ ಹಾಕಿ ಬಿಗಿದೆ. ನನ್ನ ಸ್ಕೀ 184 ಸೆಂ.ಮೀ. ಸ್ಲೆಡ್‌ನ ಅಗಲ ಅದಕ್ಕಿಂತ ಎಷ್ಟೋ ಕಡಿಮೆ ಅಂತ ಆಗ ಹೊಳೆಯಲಿಲ್ಲ, ಅಷ್ಟೇ. ಎರಡು ಮೈಲಿ ಆಗಿರಬೇಕು, ದಾರಿ ಕಿರಿದಾದ ಕಡೆ ತುದಿ ಒಂದು ಎಳೇ ಮರಕ್ಕೆ ತಗುಲಿತು. ಸ್ಲೆಡ್ ಅರ್ಧ ಸುತ್ತು ತಿರುಗಿತು. ಗೆಳೆಯ ಒಂದು ಕಡೆ, ನಾನು ಇನ್ನೊಂದು ಕಡೆ. ಯಾರಿಗೂ ಏನೂ ಆಗಲಿಲ್ಲ. ಬೈಂಡಿಂಗ್‌ನ (ಸ್ಕೀಗೆ ಬೂಟು ಹಿಡಿಯುವ ಭಾಗ) ಬ್ರೇಕ್ ಮುರಿಯಿತು, ಎಡ್ಜ್ (ಸ್ಕೀಯ ಉಕ್ಕಿನ ಅಂಚು) ಸೀಟನ್ನು ನಾಲ್ಕು ಇಂಚು ಸೀಳಿತು.

ಸರಿಯಾಗಿ ಹೊರುವುದು ಹೇಗೆ? ಮುಂದಿನ ತಿಂಗಳು ಗೆಳೆಯನ ಬದಲು ನನ್ನ ಬಾಮೈದ ಬರುತ್ತಾನೆ, ಅವನದು ಸ್ನೋಬೋರ್ಡ್. ಎರಡೂ ಹಿಡಿಸಬೇಕು.

ಡೆನ್ವರ್ ಗೌಡ
ಅಡ್ಡಡ್ಡನಾ? ಟಿವಿಎಸ್ ಎಕ್ಸೆಲ್ ಮೇಲೆ ಏಣಿ ಅಡ್ಡ ಇಟ್ಟುಕೊಂಡು ಸಂತೆಯೊಳಗೆ ನುಗ್ಗಿದ ಹಾಗಾಯಿತಲ್ಲ ಗುರು.

ಹಿಮದೂರು
ಬಿದ್ದಾಗ ಗೆಳೆಯನೂ ಅದನ್ನೇ ಹೇಳಿದ. ಅವನು ಬಳಸಿದ ಪದಗಳು ಮಾತ್ರ ಬೇರೆ.

ಟೂ ಸ್ಟ್ರೋಕ್ ತಮ್ಮಣ್ಣ
ನಕ್ಕಿದ್ದು ಸಾಕು, ವಿಷಯಕ್ಕೆ ಬರೋಣ. ನಾನು ಎಂಟು ಸೀಸನ್ ಈ ಕೆಲಸ ಮಾಡಿದ್ದೇನೆ, ಆರಂಭದಲ್ಲಿ ನಿಮ್ಮ ಹಾಗೇ ದಡ್ಡತನ ಮಾಡಿದ್ದೇನೆ.

ಬೇಕಾಗಿರುವುದು ಟನೆಲ್ ಮೇಲೆ ಕೂರುವ ರ‍್ಯಾಕ್. ಸ್ಕೀಗಳು ಸ್ಲೆಡ್‌ನ ಉದ್ದಕ್ಕೇ ಇರಬೇಕು, ಒಂದು ಜೊತೆ ಎಡಕ್ಕೆ, ಒಂದು ಜೊತೆ ಬಲಕ್ಕೆ, ಹಿಂದಿನ ತುದಿ ಸ್ವಲ್ಪ ಮೇಲೆ ಎದ್ದಿರಬೇಕು. ಆಗ ಕಾಲಿಡುವ ಹಲಗೆ ಖಾಲಿ ಇರುತ್ತದೆ. ಇದು ಮುಖ್ಯ. ಬೆಟ್ಟದ ಸ್ಲೆಡ್ ಅನ್ನು ಯಾರೂ ಬೈಕ್ ಥರ ಕೂತು ಓಡಿಸುವುದಿಲ್ಲ. ನಿಂತು, ಒಂದು ಬದಿಯಿಂದ ಇನ್ನೊಂದು ಬದಿಗೆ ಹಾರಿ, ಮೈಭಾರದಲ್ಲೇ ತಿರುಗಿಸಬೇಕು. ಕಾಲಿಡುವ ಜಾಗದಲ್ಲಿ ಸ್ಕೀ ಕಟ್ಟಿದರೆ ಬೂಟು ಸಿಕ್ಕಿಹಾಕಿಕೊಳ್ಳುತ್ತದೆ, ಸ್ಲೆಡ್ ಮಗುಚುವಾಗ ಹಾರಿಕೊಳ್ಳಲೂ ಆಗುವುದಿಲ್ಲ.

ಜೊತೆಯ ಎರಡೂ ಸ್ಕೀಗಳ ತಳ ಒಂದಕ್ಕೊಂದು ತಾಗುವ ಹಾಗೆ ಇಟ್ಟು ಮೊದಲು ಅವೆರಡನ್ನೇ ಬಿಗಿಯಿರಿ. ಆಮೇಲೆ ಆ ಕಟ್ಟನ್ನು ರ‍್ಯಾಕ್‌ಗೆ ಬಿಗಿಯಿರಿ. ಒಂದೇ ಬೆಲ್ಟ್‌ನಲ್ಲಿ ಎರಡೂ ಕೆಲಸ ಮಾಡಲು ಹೋದರೆ ಅಲುಗಾಟಕ್ಕೆ ಎಡ್ಜ್ ಗರಗಸದ ಥರ ಬೆಲ್ಟನ್ನು ಕೊಯ್ಯುತ್ತದೆ. ನಿಮ್ಮ ಸೀಟು ಕೊಯ್ದಿದ್ದೂ ಅದೇ ಗರಗಸ.

ನಿಮ್ಮ ಸಮ್ಮಿಟ್ ತೀರಾ ಹಳೆಯದಲ್ಲದಿದ್ದರೆ ಟನೆಲ್ ಮೇಲೆ ಲಿಂಕ್ ತೂತುಗಳು (ಸಾಮಾನು ಕೂರಿಸಲು ಕಂಪನಿಯೇ ಕೊಟ್ಟ ತೂತು) ಇರುತ್ತವೆ, ರ‍್ಯಾಕ್ ಅಲ್ಲೇ ಕೂರುತ್ತದೆ. ಇಲ್ಲದಿದ್ದರೆ ಡ್ರಿಲ್ ತಗೊಂಡು ನಾಲ್ಕು ತೂತು ಹೊಡೆದು ಬೋಲ್ಟ್ ಹಾಕಿ.

ಗ್ಯಾರೇಜ್ ಗಣಪ
ತಮ್ಮಣ್ಣ, ಕೊನೇ ಮಾತು ಹಾಗೇ ಬಿಡಬೇಡಿ! ಟನೆಲ್‌ನ ಒಳಮೈಗೆ ಹೀಟ್ ಎಕ್ಸ್‌ಚೇಂಜರ್ ಅಂಟಿಕೊಂಡಿರುತ್ತದೆ. ಇಂಜಿನ್‌ನ ಕೂಲೆಂಟ್ ಅದರೊಳಗೆ ಹರಿಯುತ್ತದೆ, ಟ್ರ್ಯಾಕ್ ಎರಚುವ ಸ್ನೋ ಅದನ್ನು ತಣ್ಣಗೆ ಮಾಡುತ್ತದೆ. ಕಣ್ಣುಮುಚ್ಚಿ ಡ್ರಿಲ್ ಇಳಿಸಿದರೆ ಕೂಲೆಂಟ್ ಚಿಮ್ಮುತ್ತದೆ. ಮೊದಲು ಕೆಳಗೆ ಬಗ್ಗಿ ಟಾರ್ಚ್ ಹಾಕಿ ನೋಡಿ. ಇನ್ನೊಂದು, ಬೋಲ್ಟ್ ಒಳಗಡೆ ಉದ್ದ ಉಳಿದರೆ ಟ್ರ್ಯಾಕ್‌ನ ಲಗ್ (ಹಲ್ಲು) ತಗುಲಿ ರಬ್ಬರ್ ಕಿತ್ತು ಬರುತ್ತದೆ. ರಿವೆಟ್ ಹಾಕಿ, ಇಲ್ಲ ಬೋಲ್ಟ್ ತಲೆ ಒಳಗೆ ಬರುವ ಹಾಗೆ ಹಾಕಿ.

ಟೂ ಸ್ಟ್ರೋಕ್ ತಮ್ಮಣ್ಣ
ನಿಜ, ಬರೆಯುವಾಗ ಬಿಟ್ಟುಹೋಯಿತು. ಗಣಪ ಹೇಳಿದ್ದೇ ಸರಿ.

ಬೋರ್ಡ್‌ಭಟ್ಟ
ಬೋರ್ಡಿಗೆ ಈ ರಗಳೆಯೇ ಇಲ್ಲ ನೋಡಿ. ರ‍್ಯಾಕ್‌ನಲ್ಲಿ ನೆಟ್ಟಗೆ ನಿಲ್ಲಿಸಿ ಎರಡು ಪಟ್ಟಿ ಎಳೆದರೆ ಮುಗಿಯಿತು. ಕುರ್ಚಿಯ ಬೆನ್ನಿನ ಥರ ನಿಲ್ಲುತ್ತದೆ, ಹಿಂದೆ ಕೂತವನು ಒರಗಿಕೊಳ್ಳಲೂಬಹುದು.

ಡೆನ್ವರ್ ಗೌಡ
ನೆಟ್ಟಗೆ ನಿಲ್ಲಿಸುವುದು ಕೊಲರಾಡೋದ ವೈಲ್ ಪಾಸ್‌ನಂಥ ಬಯಲು ಜಾಗಕ್ಕೆ ಸರಿ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಅದನ್ನು ನಾವು ಹೈಬ್ರಿಡ್ ಅನ್ನುತ್ತೇವೆ, ಸ್ಲೆಡ್‌ನಲ್ಲಿ ಹತ್ತುವುದು, ಸ್ಕೀಯಲ್ಲಿ ಇಳಿಯುವುದು. ಆದರೆ ವಾಷಿಂಗ್ಟನ್ ಕಾಡುದಾರಿಯಲ್ಲಿ ಕೊಂಬೆಗಳು ತಲೆ ಮಟ್ಟಕ್ಕೆ ಬಾಗಿರುತ್ತವೆ. ಬೋರ್ಡ್ ಒಂದು ಕೊಂಬೆಗೆ ಬಡಿದರೆ ಹಿಂದೆ ಕೂತವನ ಕುತ್ತಿಗೆ ಮೇಲೆ ಒಂದು ಬುಟ್ಟಿ ಸ್ನೋ ಬೀಳುತ್ತದೆ. ಸ್ಲೆಡ್ ಮಗುಚಿದರೆ ಮೊದಲು ನೆಲಕ್ಕೆ ಬಡಿಯುವುದೂ ಅದೇ.

ಬೋರ್ಡ್‌ಭಟ್ಟ
ಮಗುಚಬೇಡಿ ಹಾಗಾದರೆ.

ಡೆನ್ವರ್ ಗೌಡ
ಎಂಥಾ ಸಲಹೆ! ಮಳೆಗಾಲದಲ್ಲಿ ಆಗುಂಬೆಗೆ ಹೋಗಿ ಒದ್ದೆಯಾಗಬೇಡಿ ಅಂದ ಹಾಗೆ.

ಚಳಿಗಾಲದ ಚಕ್ಕುಲಿ
ನಾನು ಮಲಗಿಸುವ ಪಕ್ಷ. ಆದರೆ ಅದಕ್ಕೂ ಒಂದು ತೊಂದರೆ ಇದೆ, ಯಾರೂ ಹೇಳಲಿಲ್ಲ. ಟ್ರ್ಯಾಕ್ ಎರಚುವ ಸ್ನೋ ಪುಡಿ ಪೂರ್ತಿ ಹಿಂದಿನ ಸ್ಕೀ ಮೇಲೇ ಬೀಳುತ್ತದೆ. ಅರ್ಧ ಗಂಟೆಯಲ್ಲಿ ಬೈಂಡಿಂಗ್ ಐಸ್ ಗಡ್ಡೆ. ಪಿನ್ ಬೈಂಡಿಂಗ್ (ಬೂಟಿನ ಮುಂದಿನ ತುದಿಯನ್ನು ಎರಡು ಪಿನ್ ಹಿಡಿಯುವಂಥದ್ದು) ಆದರೆ ಮುಂದಿನ ಸ್ಪ್ರಿಂಗ್ ಕೆಳಗೆ ಐಸ್ ತುಂಬಿ ಪಿನ್ ಪೂರ್ತಿ ಮುಚ್ಚುವುದಿಲ್ಲ. ಮೇಲುನೋಟಕ್ಕೆ ಕೂತ ಹಾಗೇ ಕಾಣುತ್ತದೆ, ಎರಡನೇ ತಿರುವಿನಲ್ಲಿ ಕಳಚುತ್ತದೆ. ನನಗೆ ಹಾಗೇ ಆಗಿ ಒಂದು ಸ್ಕೀ ಕೆಳಗೆ ಹೋಯಿತು, ನಾನು ಮೇಲೇ ಉಳಿದೆ. ಅದನ್ನು ಹುಡುಕಲು ಒಂದೂವರೆ ಗಂಟೆ ಹಿಡಿಯಿತು.

ಈಗ ಹಳೇ ರೇನ್‌ಕೋಟಿನ ತೋಳು ಕತ್ತರಿಸಿ ಬೈಂಡಿಂಗ್ ಮೇಲೆ ಮುಸುಕು ಹಾಕುತ್ತೇನೆ. ಜೇಬಿನಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್, ಐಸ್ ಕೆರೆಯಲು. ಸ್ಕಿನ್‌ಗಳನ್ನು ರ‍್ಯಾಕ್ ಮೇಲೆ ಬಿಡಲೇಬೇಡಿ, ಗೋಂದು ತಣ್ಣಗಾದರೆ ಅಂಟುವುದಿಲ್ಲ. ಜಾಕೆಟ್ ಒಳಗೆ, ಹೊಟ್ಟೆಗೆ ತಾಗಿಸಿ ಇಟ್ಟುಕೊಳ್ಳಿ.

ಹಿಮದೂರು
ರೇನ್‌ಕೋಟ್ ತೋಳು! ಇದು ಯಾವ ವಿಡಿಯೋದಲ್ಲೂ ಸಿಗಲಿಲ್ಲ ಅಕ್ಕ, ಥ್ಯಾಂಕ್ಸ್.

ಸಾಗರದ ಹುಡುಗ
ಬಿಗಿಯಲು ಏನು ಬಳಸುತ್ತೀರಿ? ನಾನು ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ಬಳಸುತ್ತೇನೆ, ಚೆನ್ನಾಗೇ ಇದೆ.

ಗ್ಯಾರೇಜ್ ಗಣಪ
ಚೆನ್ನಾಗೇ ಇರುತ್ತದೆ, ಒಂದು ದಿನ ಕೊಕ್ಕೆ ಹಾರಿ ಮುಖಕ್ಕೆ ಬಡಿಯುವವರೆಗೆ. ವೊಲೇ ಸ್ಟ್ರ್ಯಾಪ್ ತಗೊಳ್ಳಿ. ಯೂಟಾದವರು ಮಾಡುವ ಆ ರಬ್ಬರಿನಂಥ ಪಟ್ಟಿ, ಒಂದು ಬಕಲ್, ಸಾಲಾಗಿ ತೂತು. ಗ್ಲೌಸ್ ಹಾಕಿಕೊಂಡೇ ಬಿಚ್ಚಬಹುದು. ಮುರಿದ ಸ್ಕೀ ಕೋಲು, ಕಿತ್ತ ಬೂಟು, ಬಿದ್ದ ಬಂಪರ್ ಎಲ್ಲಕ್ಕೂ ಆಗುತ್ತದೆ. ಎರಡು ಜಾಸ್ತಿಯೇ ಇಟ್ಟುಕೊಳ್ಳಿ.

ಟೂ ಸ್ಟ್ರೋಕ್ ತಮ್ಮಣ್ಣ
ನಮ್ಮಪ್ಪ ಅಡಿಕೆ ಮೂಟೆಯನ್ನು ಲೂನಾ ಮೇಲೆ ಕಟ್ಟುತ್ತಿದ್ದದ್ದು ಸೈಕಲ್ ಟ್ಯೂಬ್ ಸೀಳಿ. ನಾನೂ ಎರಡು ವರ್ಷ ಅದನ್ನೇ ಬಳಸಿದೆ. ಇಲ್ಲಿಯವರು ಬಂದು ಯಾವ ಬ್ರ್ಯಾಂಡ್ ಅಂತ ಕೇಳುತ್ತಿದ್ದರು.

ಸ್ಕಿನ್‌ಟ್ರ್ಯಾಕ್
ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಕಾಡಿಗೆ ಹೋಗುವುದು ಯಾಕೆ? ಸದ್ದು ಇಲ್ಲ ಅಂತ ತಾನೇ? ಬೆಳಿಗ್ಗೆ ಐದಕ್ಕೆ ಎದ್ದು ಮೂರು ಗಂಟೆ ನಡೆದು ಹೋಗಿರುತ್ತೇವೆ. ಹಿಂದಿನಿಂದ 850 ಸಿಸಿ ಟೂ ಸ್ಟ್ರೋಕ್ ಹೊಗೆ ಬಿಡುತ್ತಾ ಬಂದು ನಾವು ಕಣ್ಣಿಟ್ಟ ಇಳಿಜಾರನ್ನು ಹತ್ತು ನಿಮಿಷದಲ್ಲಿ ಗೀಚಿ ಹೋಗುತ್ತದೆ. ನಡೆಯಲು ಆಗದಿದ್ದರೆ ಹತ್ತಿರದ ಗುಡ್ಡಕ್ಕೆ ಹೋಗಿ. ನನ್ನ ಅಭಿಪ್ರಾಯ ಅಷ್ಟೇ.

ಡೆನ್ವರ್ ಗೌಡ
ನೀವು ಆ ಕಾಡಿನವರೆಗೆ ಬಂದದ್ದು ಎತ್ತಿನ ಗಾಡಿಯಲ್ಲಾ? ಎರಡು ಗಂಟೆ ಸುಬಾರು ಕಾರು ಓಡಿಸಿಕೊಂಡು ಬಂದು ಹೊಗೆ ಬಗ್ಗೆ ಪಾಠನಾ?

ಸ್ಕಿನ್‌ಟ್ರ್ಯಾಕ್
ಸುಬಾರು ಇಳಿಜಾರಿನ ಮೇಲೆ ಹತ್ತುವುದಿಲ್ಲವಲ್ಲ.

ಕೊಲಂಬಿಯಾ ಕಾವೇರಿ
ಇಬ್ಬರೂ ಸುಮ್ನೆ ಜಗಳ ಆಡಬೇಡಿ. ಇದಕ್ಕೆ ಗೆರೆ ಈಗಾಗಲೇ ಎಳೆದಿದ್ದಾರೆ. ಅಮೆರಿಕದಲ್ಲಿ 1964ರ ವೈಲ್ಡರ್ನೆಸ್ ಕಾಯ್ದೆ ಪ್ರಕಾರ ವೈಲ್ಡರ್ನೆಸ್ (ಕಾನೂನಿನಲ್ಲಿ ಹಾಗೇ ಕಾಯ್ದಿಟ್ಟ ಕಾಡು) ಗಡಿಯೊಳಗೆ ಮೋಟಾರು ಬರುವ ಹಾಗಿಲ್ಲ. ಹಿಮದೂರು ಹೋಗುವ ಕಣಿವೆಯ ಪಕ್ಕದಲ್ಲೇ ಆಲ್ಪೈನ್ ಲೇಕ್ಸ್ ವೈಲ್ಡರ್ನೆಸ್ ಇದೆ, 1976ರಿಂದ. ರಸ್ತೆ ಮೇಲೆ ಸ್ಲೆಡ್ ಸರಿ, ಗಡಿ ಬಂದ ಕೂಡಲೇ ಆಫ್ ಮಾಡಿ ಸ್ಕಿನ್ ಹಾಕಬೇಕು. ಗಡಿಯ ನಾಮಫಲಕ ಕಾಣಲಿಲ್ಲ ಅಂತ ಹೇಳಿದರೆ ನಡೆಯುವುದಿಲ್ಲ, ಫೋನಿನಲ್ಲಿ ಮ್ಯಾಪ್ ಇಳಿಸಿಕೊಳ್ಳಿ. ಕೆನಡಾದಲ್ಲಿ ನಮ್ಮ ರೆವೆಲ್‌ಸ್ಟೋಕ್ ಕಡೆ ಕ್ಯಾರಿಬೂ ಜಿಂಕೆಗಳಿಗಾಗಿ ಕೆಲವು ಗುಡ್ಡಗಳನ್ನು ಸ್ಲೆಡ್‌ಗೆ ಪೂರ್ತಿ ಮುಚ್ಚಿದ್ದಾರೆ. ಅಲ್ಲಿ ಹೋಗಿ ಸಿಕ್ಕಿಬಿದ್ದರೆ ದಂಡ ಭಾರೀ.

ಸ್ಕಿನ್‌ಟ್ರ್ಯಾಕ್ ಹೇಳಿದ್ದರಲ್ಲಿ ಒಂದು ನಿಜ ಇದೆ. ನಡೆಯುವವರ ಪಕ್ಕ ಹೋಗುವಾಗ ವೇಗ ಇಳಿಸಿ. ಎಷ್ಟೋ ಜನ ಇಳಿಸುವುದಿಲ್ಲ. ಹಿಂದೆ ಇನ್ನೂ ಎಷ್ಟು ಸ್ಲೆಡ್ ಬರುತ್ತಿದೆ ಅಂತ ಬೆರಳಿನಲ್ಲಿ ತೋರಿಸಿ, ಕೊನೆಯವರಾದರೆ ಮುಷ್ಟಿ ತೋರಿಸಿ.

ಸ್ಕಿನ್‌ಟ್ರ್ಯಾಕ್
ಮುಷ್ಟಿ ಅಂದರೆ ಅದಾ? ನನಗೆ ಬೈದರು ಅಂದುಕೊಂಡಿದ್ದೆ.

ಬೋರ್ಡ್‌ಭಟ್ಟ
😂😂

ಬಸವನಗುಡಿ
ನಾನು ಬೆಂಗಳೂರಿನಲ್ಲಿ ಕೂತು ಓದುತ್ತಿದ್ದೇನೆ, ಸ್ನೋ ನೋಡಿದ್ದು ಫ್ರಿಡ್ಜ್‌ನಲ್ಲಿ ಮತ್ತು ಗುಲ್ಮಾರ್ಗ್‌ನಲ್ಲಿ. ಅಲ್ಲಿ ಸ್ನೋಮೊಬೈಲ್ ಓಡಿಸುವವರು ಇದ್ದರಲ್ಲ, ಅವರೂ ಹೀಗೇ ಸ್ಕೀ ಹೊತ್ತು ಮೇಲೆ ಬಿಡುತ್ತಾರಾ?

ಚಳಿಗಾಲದ ಚಕ್ಕುಲಿ
ಅಲ್ಲಿ ನೀವು ನೋಡಿದ್ದು ಪ್ರವಾಸಿಗಳನ್ನು ಒಂದು ಸುತ್ತು ಕರೆದುಕೊಂಡು ಹೋಗುವವು. ಗುಲ್ಮಾರ್ಗ್‌ನಲ್ಲಿ ಸ್ಕೀಯವರಿಗೆ ಗೊಂಡೋಲಾ (ಕೇಬಲ್ ಕಾರ್) ಇದೆ. ಎರಡನೇ ಹಂತ ಅಫರ್ವಾಟ್ ಹತ್ತಿರ 3,900 ಮೀಟರ್ ದಾಟಿ ಬಿಡುತ್ತದೆ. ಅಲ್ಲಿಂದ ಬೇಲಿ ದಾಟಿದರೆ ಪೂರ್ತಿ ಬ್ಯಾಕ್‌ಕಂಟ್ರಿ. ಅಂಥ ಲಿಫ್ಟ್ ಇದ್ದರೆ ಯಾರಿಗೆ ಬೇಕು ಈ 200 ಕೆ.ಜಿ. ಎಮ್ಮೆ.

ಗ್ಯಾರೇಜ್ ಗಣಪ
ಎಮ್ಮೆ ಅನ್ನಬೇಡಿ. ಈ ಯಂತ್ರಕ್ಕೆ ಹೆಸರು ಬಂದದ್ದೇ ನಾಯಿಯಿಂದ. ಕೆನಡಾದ ಕ್ವಿಬೆಕ್‌ನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಅಂತ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ದಾರಿ ಸ್ನೋದಲ್ಲಿ ಮುಚ್ಚಿ, ಆಸ್ಪತ್ರೆಗೆ ಒಯ್ಯಲಾಗದೆ ಅವರ ಎರಡು ವರ್ಷದ ಮಗ ತೀರಿಕೊಂಡ. ಅವರು ಸ್ನೋ ಮೇಲೆ ಓಡುವ ಗಾಡಿಗಳನ್ನೇ ಮಾಡುತ್ತಾ ಹೋದರು. 1959ರಲ್ಲಿ ಒಬ್ಬಿಬ್ಬರು ಓಡಿಸುವ ಚಿಕ್ಕದು ಬಂತು. ನಾಯಿ ಎಳೆಯುವ ಜಾರುಬಂಡಿಯ ಬದಲು ಇದು ಅಂತ ಸ್ಕೀ-ಡಾಗ್ ಎಂದು ಹೆಸರಿಟ್ಟಿದ್ದರಂತೆ, ಅಚ್ಚಿನಲ್ಲಿ ತಪ್ಪಾಗಿ ಸ್ಕೀ-ಡೂ ಆಯಿತು ಅಂತಾರೆ.

ಬಸವನಗುಡಿ
ಮಗುವಿನ ವಿಷಯ ಗೊತ್ತಿರಲಿಲ್ಲ. ಓದಿ ಒಂಥರಾ ಆಯಿತು.

ಕೊಲಂಬಿಯಾ ಕಾವೇರಿ
ಹಿಮದೂರು, ಕಟ್ಟುವ ಮಾತಿನಲ್ಲಿ ಒಂದು ಸೇರಿಸುತ್ತೇನೆ. ಸ್ಲೆಡ್ ಮೇಲೆ ಏನು ಕಟ್ಟಬೇಕು ಅನ್ನುವುದಕ್ಕಿಂತ ಮೊದಲು ಏನು ಕಟ್ಟಬಾರದು ಅಂತ ತಿಳಿದುಕೊಳ್ಳಿ. ರ‍್ಯಾಕ್ ಬಂದ ಕೂಡಲೇ ಎಲ್ಲರಿಗೂ ಒಂದು ಚಟ ಶುರುವಾಗುತ್ತದೆ. ಬೆನ್ನು ಹಗುರ ಆಗಲಿ ಅಂತ ಸಲಿಕೆ, ಪ್ರೋಬ್ (ಹೂತವರನ್ನು ಚುಚ್ಚಿ ಹುಡುಕುವ ಉದ್ದ ಕೋಲು), ನೀರು, ಊಟ ಎಲ್ಲವನ್ನೂ ರ‍್ಯಾಕ್‌ನ ಬ್ಯಾಗ್‌ಗೆ ತುಂಬುತ್ತಾರೆ. ಹಿಮಕುಸಿತ ಆದಾಗ ಸ್ಲೆಡ್ ಒಂದು ಕಡೆ ಹೂತಿರುತ್ತದೆ, ನೀವು ಇನ್ನೊಂದು ಕಡೆ ಇರುತ್ತೀರಿ. ಗೆಳೆಯ ಹೂತು ಹೋಗಿದ್ದರೆ ಮೊದಲ 10-15 ನಿಮಿಷವೇ ಲೆಕ್ಕ. ಸಲಿಕೆ ಸ್ಲೆಡ್ ಜೊತೆ ಹೂತಿದ್ದರೆ ಕೈಯಲ್ಲಿ ಅಗೆಯುತ್ತೀರಾ? ನಿಂತ ಮೇಲೆ ಆ ಸ್ನೋ ಸಿಮೆಂಟ್ ಥರ ಇರುತ್ತದೆ.

ಸಲಿಕೆ, ಪ್ರೋಬ್ ಬೆನ್ನಿನ ಮೇಲೆ. ಬೀಕನ್ (ಹೂತವರನ್ನು ಪತ್ತೆಹಚ್ಚುವ ರೇಡಿಯೋ ಸಾಧನ) ಮೈಮೇಲೆ, ಬಟ್ಟೆಯೊಳಗೆ. ಇದರಲ್ಲಿ ಚೌಕಾಸಿ ಇಲ್ಲ.

ಸ್ಲೆಡ್‌ನವರಿಗೆ ಬೀಕನ್ ತಂದಿಡುವ ತೊಂದರೆ ಇನ್ನೊಂದಿದೆ. ಅದು 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಹತ್ತಿರದಲ್ಲಿ ಫೋನ್, ರೇಡಿಯೋ, ಬ್ಯಾಟರಿ ಗ್ಲೌಸ್, ಓಡುತ್ತಿರುವ ಇಂಜಿನ್ ಇದ್ದರೆ ಕೆಡುತ್ತದೆ. ಸಾಮಾನ್ಯ ಹೊತ್ತಿನಲ್ಲಿ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರ ಇಡಿ. ಹುಡುಕುವಾಗ ಎಲ್ಲರ ಸ್ಲೆಡ್ ಆಫ್.

ಕೊನೆಯದಾಗಿ, ಒಬ್ಬನ ಸ್ಲೆಡ್ ಇಳಿಜಾರಿನ ಮಧ್ಯೆ ಸಿಕ್ಕಿಕೊಂಡರೆ ಇನ್ನೊಬ್ಬ ಸಹಾಯಕ್ಕೆ ಅಂತ ಮೇಲೆ ಹತ್ತಬಾರದು. ಪಾಪ ಅನಿಸುತ್ತದೆ, ಆದರೂ ಕೆಳಗೆ, ಕುಸಿತ ಬಂದು ನಿಲ್ಲುವ ದಾರಿಯಿಂದ ಪಕ್ಕಕ್ಕೆ ನಿಂತು ನೋಡಿ. ಸ್ಲೆಡ್ ನಿಲ್ಲಿಸುವಾಗಲೂ ಅಷ್ಟೇ.

ಹಿಮದೂರು
ಶನಿವಾರ ಸಲಿಕೆ ಎಲ್ಲಿತ್ತು ಗೊತ್ತಾ? ಟನೆಲ್ ಮೇಲೆ, ಸ್ಕೀ ಜೊತೆ ಬಿಗಿದಿದ್ದೆ. ನಿಜ ಹೇಳಬೇಕು ಅಂದರೆ ನಾಚಿಕೆ ಆಗುತ್ತಿದೆ.

ಕೊಲಂಬಿಯಾ ಕಾವೇರಿ
ಈಗ ಗೊತ್ತಾಯಿತಲ್ಲ ತಮ್ಮ. ಹೊರಡುವ ಮೊದಲು ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ನ ಹಿಮಕುಸಿತದ ಮುನ್ಸೂಚನೆ ಓದು, ಆಮೇಲೆ ರ‍್ಯಾಕ್ ಬಗ್ಗೆ ಯೋಚಿಸು.

ಸಾಗರದ ಹುಡುಗ
ರ‍್ಯಾಕ್ ಯಾಕೆ, ಸ್ಕೀಯನ್ನು ಬೆನ್ನಿಗೇ ಕಟ್ಟಿಕೊಂಡರೆ?

ಚಳಿಗಾಲದ ಚಕ್ಕುಲಿ
ಎರಡು ಮೈಲಿಗೆ ಸರಿ, ಹತ್ತಕ್ಕೆ ಬೇಡ. ಕೂತಾಗ ಹಿಂದಿನ ತುದಿ ಸೀಟಿಗೆ ಬಡಿದು ಬ್ಯಾಗ್ ಮೇಲಕ್ಕೆ ತಳ್ಳುತ್ತದೆ, ಮುಂದಿನ ತುದಿ ಕೊಂಬೆ ಎಣಿಸುತ್ತದೆ. ಏರ್‌ಬ್ಯಾಗ್ ಬ್ಯಾಗ್ (ಹಿಮಕುಸಿತದಲ್ಲಿ ಉಬ್ಬಿ ಮೇಲೆ ತೇಲಿಸುವಂಥದ್ದು) ಆದರೆ ಎರಡು ಬದಿಗೆ ಸ್ಕೀ ಕಟ್ಟಿದಾಗ ಬಲೂನು ಸರಿಯಾಗಿ ಬಿಚ್ಚಿಕೊಳ್ಳದಿರಬಹುದು. ಆಮೇಲೆ ಹಿಂದೆ ಇನ್ನೊಬ್ಬ ಕೂತಿದ್ದರೆ ಅವನ ಮೂಗು ಎಲ್ಲಿರುತ್ತದೆ ಯೋಚಿಸಿ.

ಬೋರ್ಡ್‌ಭಟ್ಟ
ಹಿಂದಿನವನನ್ನು ಹಗ್ಗದಲ್ಲಿ ಎಳೆದರೆ ಅರ್ಧ ಸಮಸ್ಯೆ ಮುಗಿಯಿತು. ಅವನ ಸ್ಕೀ ಅವನ ಕಾಲಲ್ಲೇ ಇರುತ್ತದೆ.

ಟೂ ಸ್ಟ್ರೋಕ್ ತಮ್ಮಣ್ಣ
ಇದು ನಿಜಕ್ಕೂ ಒಳ್ಳೇ ಉಪಾಯ, ರಸ್ತೆ ಸಮ ಇದ್ದರೆ. ಎಂಟು ಹತ್ತು ಮೀಟರ್ ಹಗ್ಗ, ತುದಿಗೆ ಒಂದು ಹಿಡಿ. ಸೊಂಟಕ್ಕೆ ಮಾತ್ರ ಯಾವ ಕಾರಣಕ್ಕೂ ಕಟ್ಟಿಕೊಳ್ಳಬಾರದು, ಬೇಕೆಂದಾಗ ಕೈಬಿಡುವ ಹಾಗಿರಬೇಕು. ಕನ್ನಡಕ ಬೇಕೇ ಬೇಕು, ಪುಡಿಯೆಲ್ಲಾ ಮುಖಕ್ಕೇ ಬರುತ್ತದೆ. ಇಳಿಜಾರು ಬಂದಾಗ ಹಗ್ಗ ಸಡಿಲಾಗಿ ಹಿಂದಿನವನು ಸ್ಲೆಡ್ ಮೇಲೇ ಬರುತ್ತಾನೆ. ಒಮ್ಮೆ ನನ್ನ ತಂಗಿ ಹಾಗೇ ನನ್ನನ್ನು ಓವರ್‌ಟೇಕ್ ಮಾಡಿ, ಕೈಬೀಸಿ, ಮುಂದಿನ ತಿರುವಿನಲ್ಲಿ ಚರಂಡಿಗೆ ಹೋದಳು.

ಆದರೆ ಬೋರ್ಡ್‌ನವರಿಗೆ ಹತ್ತು ಮೈಲಿ ಕಷ್ಟ. ಒಂದೇ ಎಡ್ಜ್ ಮೇಲೆ ಅಷ್ಟು ಹೊತ್ತು ನಿಂತರೆ ತೊಡೆ ಉರಿಯುತ್ತದೆ. ಭಟ್ಟರೇ, ನೀವೇ ಹೇಳಿ.

ಬೋರ್ಡ್‌ಭಟ್ಟ
ಮೂರನೇ ಮೈಲಿಗೆ ಅಮ್ಮ ನೆನಪಾಗುತ್ತಾಳೆ. ಒಪ್ಪಿದೆ.

ಡೆನ್ವರ್ ಗೌಡ
ಇಬ್ಬರೂ ಕೂತು ಹೋಗುವುದಾದರೆ ತೂಕ ಗಮನಿಸಿ. ಬೆಟ್ಟದ ಸ್ಲೆಡ್ ಒಬ್ಬರಿಗೆ ಅಂತ ಮಾಡಿದ್ದು. ಹಿಂದೆ ಒಬ್ಬ, ಅವನ ಹಿಂದೆ ರ‍್ಯಾಕ್, ರ‍್ಯಾಕ್ ಮೇಲೆ ಪೆಟ್ರೋಲ್ ಕ್ಯಾನ್ ಅಂತ ಹೇರಿದರೆ ಏರಿನಲ್ಲಿ ಸ್ಲೆಡ್ಡಿನದೇ ಮುಂದಿನ ಸ್ಕೀ ನೆಲ ಬಿಡುತ್ತದೆ. ಹ್ಯಾಂಡಲ್ ತಿರುಗಿಸುತ್ತೀರಿ, ಗಾಡಿ ನೇರ ಹೋಗುತ್ತದೆ. ಕ್ಯಾನ್ ಇಡುವುದಾದರೆ ಸೀಟಿಗೆ ಹತ್ತಿರ ಇಡಿ, ರ‍್ಯಾಕ್‌ನ ತುದಿಯಲ್ಲಿ ಬೇಡ. ಪೆಟ್ರೋಲ್ ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಹಣೆಬರಹಕ್ಕೆ ಒಂದು. ಆಳದ ಸ್ನೋದಲ್ಲಿ ರಸ್ತೆಗಿಂತ ತುಂಬಾ ಜಾಸ್ತಿ ಕುಡಿಯುತ್ತದೆ.

ಗ್ಯಾರೇಜ್ ಗಣಪ
ಡ್ರೈವ್ ಬೆಲ್ಟ್ ಒಂದು ಎಕ್ಸ್‌ಟ್ರಾ, ಸ್ಪಾರ್ಕ್ ಪ್ಲಗ್, ಸಣ್ಣ ಗರಗಸ. ಮಾರ್ಚ್ ಆದಮೇಲೆ ರಸ್ತೆ ಗಟ್ಟಿ ಐಸ್ ಆದರೆ ಟ್ರ್ಯಾಕ್ ಏನೂ ಎರಚುವುದಿಲ್ಲ, ಇಂಜಿನ್ ಬಿಸಿ ಏರುತ್ತದೆ. ಸ್ಕ್ರ್ಯಾಚರ್ (ಐಸ್ ಕೆರೆದು ಪುಡಿ ಎಬ್ಬಿಸುವ ಕಡ್ಡಿ) ಇಳಿಸಿ ಓಡಿಸಿ, ಆಗಾಗ ಪಕ್ಕದ ಮೆತ್ತಗಿನ ಸ್ನೋಗೆ ನುಗ್ಗಿಸಿ.

ಸ್ಕಿನ್‌ಟ್ರ್ಯಾಕ್
ಇಷ್ಟೆಲ್ಲಾ ಸಾಮಾನು! ನನ್ನ ಹತ್ತಿರ ಎರಡು ಸ್ಕಿನ್, ಒಂದು ಡಬ್ಬಿ ಚಿತ್ರಾನ್ನ.

ಚಳಿಗಾಲದ ಚಕ್ಕುಲಿ
ನಕ್ಕರೂ ಒಂದು ಮಾತು ನಿಮ್ಮ ಪರವಾಗಿ. ಹೋದ ವರ್ಷ ಏಪ್ರಿಲ್‌ನಲ್ಲಿ ಮೌಂಟ್ ಆಡಮ್ಸ್ ದಕ್ಷಿಣದ ದಾರಿಯಲ್ಲಿ ನಮ್ಮ ಸ್ಲೆಡ್ ಕೆಟ್ಟಿತು, ಟ್ರೌಟ್ ಲೇಕ್‌ನಿಂದ ತುಂಬಾ ಮೇಲೆ. ಪಕ್ಕದಲ್ಲಿ ಬರೀ ಸ್ಲೆಡ್ ಓಡಿಸಲು ಬಂದಿದ್ದ ಇಬ್ಬರದೂ ಒಂದು ಕೆಟ್ಟಿತ್ತು, ಅವರು ಸೊಂಟದವರೆಗೆ ಹೂತುಕೊಳ್ಳುತ್ತಾ ನಡೆದರು. ನಾವು ಸ್ಕೀ ಬಿಚ್ಚಿ ಹಾಕಿಕೊಂಡು ಜಾರಿಕೊಂಡು ಬಂದೆವು. ಸ್ಕೀಯೇ ನಮ್ಮ ಸ್ಟೆಪ್ನಿ. ಅದಕ್ಕೇ ಕಟ್ಟುವಾಗ ಅದು ಮುರಿಯದ ಹಾಗೆ ನೋಡಿಕೊಳ್ಳಿ ಅನ್ನುವುದು.

ಡೆನ್ವರ್ ಗೌಡ
ಆ ಇಬ್ಬರಿಗೆ ಏನಾಯಿತು?

ಚಳಿಗಾಲದ ಚಕ್ಕುಲಿ
ಕೆಳಗೆ ಸಿಕ್ಕ ಇನ್ನೊಂದು ಗುಂಪಿಗೆ ಹೇಳಿ ಕಳಿಸಿದೆವು, ಅವರು ಹೋಗಿ ಕರೆತಂದರು. ನಮ್ಮ ಸ್ಲೆಡ್ ಮಾತ್ರ ನಾಲ್ಕು ದಿನ ಅಲ್ಲೇ ಇತ್ತು.

ಹಿಮದೂರು
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಹಳೇ ರ‍್ಯಾಕ್ ಒಂದು ಸಿಕ್ಕಿತು, ಎರಡು ಕಡೆ ಸ್ಕೀ ಮಲಗಿಸುವಂಥದ್ದು, ಮಧ್ಯೆ ಬೋರ್ಡ್ ನಿಲ್ಲಿಸಲು ಒಂದು ಸೀಳು. ಲಿಂಕ್ ತೂತಿಗೇ ಕೂತಿತು, ಡ್ರಿಲ್ ಮುಟ್ಟಲಿಲ್ಲ. ಬಾಮೈದನ ಬೋರ್ಡನ್ನು ನಿಲ್ಲಿಸಿದೆವು, ಗೌಡರು ಹೇಳಿದ ಹಾಗೆ ಎರಡು ಬುಟ್ಟಿ ಸ್ನೋ ಅವನ ಕುತ್ತಿಗೆಗೆ ಬಿತ್ತು. ವಾಪಸ್ ಬರುವಾಗ ಅವನೇ ಅದನ್ನು ಬಿಚ್ಚಿ ಸ್ಕೀ ಪಕ್ಕಕ್ಕೆ ಮಲಗಿಸಿದ. ಬೈಂಡಿಂಗ್‌ಗೆ ರೇನ್‌ಕೋಟ್ ತೋಳು, ಸಲಿಕೆ ಬೆನ್ನಿಗೆ. ಮುನ್ಸೂಚನೆ ಕೆಟ್ಟದಿತ್ತು, ಆದ್ದರಿಂದ ದೊಡ್ಡ ಇಳಿಜಾರಿಗೆ ಹೋಗದೆ ಕಾಡಿನೊಳಗಿನ ಸಣ್ಣ ಗುಡ್ಡದಲ್ಲೇ ಮೂರು ಸಲ ಇಳಿದೆವು. ಒಂದು ಸಲ ಸ್ಲೆಡ್ ಹೂತಿತು, ಮುಕ್ಕಾಲು ಗಂಟೆ ಅಗೆದೆವು. ದಾರಿಯಲ್ಲಿ ನಾಲ್ಕು ಜನ ನಡೆದು ಹೋಗುತ್ತಿದ್ದರು, ನಿಧಾನ ಮಾಡಿ ಮುಷ್ಟಿ ತೋರಿಸಿದೆ. ಒಬ್ಬರು ತಿರುಗಿ ಮುಷ್ಟಿ ತೋರಿಸಿದರು, ಅದರ ಅರ್ಥ ಮಾತ್ರ ಗೊತ್ತಾಗಲಿಲ್ಲ.

ಸ್ಕಿನ್‌ಟ್ರ್ಯಾಕ್
ನಾನಲ್ಲ.

ಗ್ಯಾರೇಜ್ ಗಣಪ
ಸೀಟು ಹೊಲಿಸಿದ್ರಾ?

ಹಿಮದೂರು
ಇಲ್ಲ, ಡಕ್ಟ್ ಟೇಪ್. ಚಳಿಗೆ ಎದ್ದು ಬರುತ್ತಿದೆ, ಸ್ನೋ ಒಳಗೆ ಹೋಗಿ ಸ್ಪಂಜು ಪೂರ್ತಿ ಒದ್ದೆ. ಯಾರ ಹತ್ತಿರವಾದರೂ ಹಳೇ ಸೀಟ್ ಕವರ್ ಇದ್ದರೆ ಹೇಳಿ.